ಸಕ್ಕರೆಯ ಸ್ಟೇಷನ್

ಹುಫೂಫ್, ಅಲ್ ಅಹ್ಸಾ
6 ಜುಲೈ 2025

ಇಫ್ರಾ,

ಸಲಾಂ. ಇದು ಕೆಲಸದ ಪತ್ರ. ಕಳೆದ ವರ್ಷ ಹಿಶಾಮನ ಜೊತೆ ನಿಶ್ಚಯವಾಗಿದ್ದ ನಿಕಾಹ್ ಬೇಡವೆಂದು ನೀನು ಬೆಲ್ಜಿಯಂಗೆ ಓದಲು ಹೊರಟುಹೋದ ಮೇಲೆ ನಾವಿಬ್ಬರೂ ಮಾತಾಡಿಲ್ಲ. ಆ ವಿಷಯ ಇದರಲ್ಲಿ ಇಲ್ಲ, ನೀನೂ ತೆಗೆಯಬೇಡ. ಫೋನಿನಲ್ಲಾದರೆ ಬ್ಯಾರಿಯಲ್ಲಿ ಶುರುವಾಗಿ ಬ್ಯಾರಿಯಲ್ಲೇ ಜಗಳವಾಗುತ್ತದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನ್ನ ಉಪ್ಪ ಇದರ ಫೋಟೋ ತೆಗೆದು ಕಳಿಸುತ್ತಾರೆ. ನೀನೂ ಹಾಗೆಯೇ ಕೈಯಲ್ಲಿ ಬರೆದು ಕಳಿಸು.

ವಿಷಯ ಇಷ್ಟು. ನಾನು ಕೆಲಸ ಮಾಡುವ ಮರ್ಯಮ್‌ರ ಬೇಕರಿಗೆ ಮೊನ್ನೆ ಶೈಮಾ ಎಂಬ ಹುಡುಗಿ ಬಂದಳು. ಇಲ್ಲಿಯವಳೇ. ದಮ್ಮಾಮ್–ರಿಯಾದ್ ರೈಲು ಮಾರ್ಗದಲ್ಲಿ ಸಿಗ್ನಲ್ ಎಂಜಿನಿಯರ್. ಸೆಪ್ಟೆಂಬರ್ ಕೊನೆಗೆ ಅವಳ ಮದುವೆ. ಕೇಕ್ ಬೇಕು, ಆದರೆ ಹೂವು, ಮುತ್ತು, ಹಂಸ ಯಾವುದೂ ಬೇಡವಂತೆ. ಫೋನ್ ತೆಗೆದು ಒಂದು ಅರಮನೆಯ ಚಿತ್ರ ತೋರಿಸಿದಳು.

"ಇದು ಯಾವ ಸುಲ್ತಾನನ ಅರಮನೆ?" ಎಂದು ಕೇಳಿದೆ.

"ಅರಮನೆಯಲ್ಲ ಖಾಲಾ, ರೈಲ್ವೇ ಸ್ಟೇಷನ್. ಆಂಟ್‌ವರ್ಪ್. ನಾನು ಓದಿದ ಊರು. ಹೋದ ಮೊದಲ ದಿನ ಅಲ್ಲಿ ಕೂತು ಅತ್ತಿದ್ದೆ, ವಾಪಸ್ ಬರುವ ದಿನವೂ ಅಲ್ಲೇ ಕೂತು ಅತ್ತೆ. ನನ್ನ ಕೇಕ್ ಅದೇ ಆಗಬೇಕು" ಎಂದಳು.

ನೀನಿರುವ ಊರಿನ ಹೆಸರು ಕೇಳಿ ನನ್ನ ಕೈಯಲ್ಲಿದ್ದ ಕ್ರೀಮಿನ ಚೀಲ ಕೆಳಗೆ ಬಿತ್ತು. ಮರ್ಯಮ್ ಹಿಂದಿನಿಂದ ಕಣ್ಸನ್ನೆ ಮಾಡುತ್ತಿದ್ದರು, ಒಪ್ಪಬೇಡ, ಆಗುವ ಕೆಲಸವಲ್ಲ ಎಂದು. ನಾನು ಮಾತ್ರ "ಇನ್ ಶಾ ಅಲ್ಲಾಹ್, ಮಾಡುತ್ತೇನೆ" ಎಂದುಬಿಟ್ಟೆ. ಯಾಕೆ ಹೇಳಿದೆನೋ ನನಗೇ ತಿಳಿಯಲಿಲ್ಲ.

ಈಗ ನನಗೆ ಬೇಕಾದದ್ದು: ಆ ಸ್ಟೇಷನ್ ಒಳಗೆ ಹೇಗಿದೆ? ಮೇಲೆ ಏನು, ಕೆಳಗೆ ಏನು, ಬಣ್ಣ ಯಾವುದು? ಇಂಟರ್ನೆಟ್ಟಿನ ಚಿತ್ರಗಳಲ್ಲಿ ಎಲ್ಲವೂ ಚಿನ್ನದ ಹಾಗೆ ಹೊಳೆಯುತ್ತದೆ, ನಂಬುವ ಹಾಗಿಲ್ಲ. ಹಳೆಯ ಕಟ್ಟಡ ದುರಸ್ತಿ ಮಾಡುವ ವಿದ್ಯೆಯನ್ನಲ್ಲವೇ ನೀನು ಕಲಿಯಲು ಹೋದದ್ದು? ಹೋಗಿ ನೋಡಿ ಬರೆ.

ಸಫಿಯಾ
ಮರ್ಯಮ್‌ರ ಬೇಕರಿ

~

ಆಂಟ್‌ವರ್ಪ್
9 ಜುಲೈ 2025

ಉಮ್ಮಾ,

ನಿನ್ನ ಅಕ್ಷರ ನೋಡಿ ಟ್ರಾಮಿನಲ್ಲಿ ನಾನು ಇಳಿಯಬೇಕಾದ ನಿಲ್ದಾಣವೇ ದಾಟಿಹೋಯಿತು. ಸರಿ, ಕೆಲಸದ ಮಾತೇ ಆಡೋಣ. ನಿನ್ನೆ ಇಡೀ ಮಧ್ಯಾಹ್ನ ಸ್ಕೆಚ್ ಪುಸ್ತಕ ಹಿಡಿದು ಸ್ಟೇಷನ್ನಿನಲ್ಲೇ ಇದ್ದೆ.

ಮೊದಲು ಒಳ್ಳೆಯ ಸುದ್ದಿ: ನೀನು ಹೊಸದಾಗಿ ಏನನ್ನೂ ಕಲ್ಪಿಸಬೇಕಾಗಿಲ್ಲ. ಈ ಸ್ಟೇಷನ್ ಹುಟ್ಟಿದ್ದೇ ಕೇಕಿನ ಹಾಗೆ! ರೈಲುಗಳು ಮೂರು ಮಹಡಿಗಳಲ್ಲಿ ಬರುತ್ತವೆ. ಮೇಲೊಂದು, ನೆಲದ ಅಡಿಯಲ್ಲಿ ಎರಡು. ನಡುವೆ ದೊಡ್ಡದಾಗಿ ಕತ್ತರಿಸಿ ತೆರೆದಿಟ್ಟಿದ್ದಾರೆ. ಮೇಲೆ ನಿಂತು ಬಗ್ಗಿದರೆ ಪಾತಾಳದ ರೈಲೂ ಕಾಣುತ್ತದೆ. ಚಾಕುವಿನಿಂದ ಒಂದು ತುಂಡು ತೆಗೆದ ಕೇಕನ್ನು ಪಕ್ಕದಿಂದ ನೋಡಿದ ಹಾಗೆ.

ಮುಂಭಾಗದಲ್ಲಿ ಕಲ್ಲಿನ ಕಟ್ಟಡ, ಅದರ ತಲೆಯ ಮೇಲೆ ಭಾರೀ ಗುಮ್ಮಟ. ಇಲ್ಲಿಯವರು ಇದನ್ನು ರೈಲಿನ ಕತೀಡ್ರಲ್ ಎನ್ನುತ್ತಾರೆ. ಒಳಗೆ ಕಾಲಿಟ್ಟರೆ ಯಾರೂ ಜೋರಾಗಿ ಮಾತಾಡುವುದಿಲ್ಲ. ಓಡುವವರೂ ಒಂದು ಕ್ಷಣ ತಲೆಯೆತ್ತಿ ಮತ್ತೆ ಓಡುತ್ತಾರೆ. ಹತ್ತಾರು ಬಗೆಯ ಅಮೃತಶಿಲೆ: ಹಾಲಿನ ಬಿಳಿ, ಟೀ ಬಣ್ಣ, ಹಸಿರು ಗೆರೆಯದ್ದು, ನೀನು ಬೇಯಿಸಿದ ಸಕ್ಕರೆಪಾಕದಂಥ ಕೆಂಚು. ಅಗಲವಾದ ಮೆಟ್ಟಿಲ ಸಾಲು ಮೇಲೇರುತ್ತದೆ, ಅದರ ಮೇಲೆ ಬಂಗಾರದ ಅಂಚಿನ ಗಡಿಯಾರ. ಮೆಟ್ಟಿಲು ಹತ್ತಿ ಆಚೆ ದಾಟಿದರೆ ಕಲ್ಲಿನ ಲೋಕ ಮುಗಿಯಿತು! ಕಬ್ಬಿಣ ಮತ್ತು ಗಾಜಿನ ಲೋಕ ಶುರು. ದ್ರಾಕ್ಷಿಯ ಹಾಗೆ ಕಡುಗೆಂಪು ಬಣ್ಣ ಬಳಿದ ಕಮಾನುಗಳು ಒಂದರ ಹಿಂದೊಂದು, ಅವುಗಳ ಮೇಲೆ ಬೆಳಕಿನ ಚಪ್ಪರ. ಇಡೀ ಸ್ಟೇಷನ್ನಿನ ಸೊಗಸು ಇರುವುದು ಈ ದಾಟುವಿಕೆಯಲ್ಲಿ. ಕೇಕಿನಲ್ಲಿ ಅದನ್ನು ತರಲು ಆದರೆ ಬೇರೇನು ಬಿಟ್ಟರೂ ಪರವಾಗಿಲ್ಲ.

ಇನ್ನೊಂದು ತಮಾಷೆ. ಪಕ್ಕದಲ್ಲೇ ಮೃಗಾಲಯ. ಅದರ ಬಾಗಿಲಿನ ಮೇಲೆ ಒಂಟೆ! ಒಂಟೆ ಏರಿದವನ ದೊಡ್ಡ ಪ್ರತಿಮೆ. ಸ್ಟೇಷನ್ನಿನಿಂದ ಹೊರಬಂದರೆ ಅದೇ ಕಾಣುವುದು. ಬಂದ ಮೊದಲ ದಿನ ನಾನು ಅದನ್ನು ನೋಡಿ ಒಬ್ಬಳೇ ನಕ್ಕಿದ್ದೆ. ಆಮೇಲೆ ಯಾರಿಗೆ ಹೇಳುವುದೆಂದು ತಿಳಿಯದೆ ಸುಮ್ಮನಾಗಿದ್ದೆ.

ಚಿತ್ರಗಳನ್ನು ಇದರ ಜೊತೆ ಇಟ್ಟಿದ್ದೇನೆ. ಬಣ್ಣ ನಾನೇ ಹಚ್ಚಿದ್ದು. ನಿನ್ನ ಮೊಣಕಾಲಿನ ನೋವು ಹೇಗಿದೆ?

ನಿನ್ನ
ಇಫ್ರಾ

~

ಹುಫೂಫ್
2 ಆಗಸ್ಟ್ 2025

ಇಫ್ರಾ,

ಮೊಣಕಾಲು ಇದ್ದಲ್ಲೇ ಇದೆ. ಕೆಲಸದ ವಿಷಯಕ್ಕೆ ಬರುತ್ತೇನೆ.

ಕಲ್ಲಿನ ಕಟ್ಟಡ ಸುಲಭ. ಈಗ ಖಲಾಸ್ ಜಾತಿಯ ಖರ್ಜೂರದ ಕೊಯ್ಲು ನಡೆಯುತ್ತಿದೆ. ಅದರ ಪಾಕ ಹಾಕಿ ಗಟ್ಟಿ ಕೇಕ್ ಮಾಡಿದೆ, ಕಲ್ಲಿನ ಹಾಗೆಯೇ ನಿಲ್ಲುತ್ತದೆ. ಅಮೃತಶಿಲೆಗೆ ಮೂರು ಬಣ್ಣದ ಸಕ್ಕರೆ ಹಿಟ್ಟನ್ನು ಅರೆಬರೆ ಕಲಸಿ ಲಟ್ಟಿಸಿದೆ, ಗೆರೆಗಳು ತಾವಾಗಿಯೇ ಮೂಡಿದವು! ಮರ್ಯಮ್ ಬೆರಳಿನಿಂದ ಮುಟ್ಟಿ, "ಸಫಿಯಾ, ಇದು ತಣ್ಣಗೂ ಇದೆ!" ಎಂದು ಕೂಗಿದರು. ಗುಮ್ಮಟಕ್ಕೆ ದೊಡ್ಡ ಬಟ್ಟಲು ಕವುಚಿ ಅಚ್ಚು ಮಾಡಿದ್ದೇನೆ.

ಕಷ್ಟವಿರುವುದು ನಿನ್ನ ಕಬ್ಬಿಣದ ಲೋಕದಲ್ಲಿ. ಕಮಾನುಗಳನ್ನು ಖರ್ಜೂರದ ಬಿಸ್ಕತ್ತಿನಲ್ಲಿ ಮಾಡಿದೆ. ಒಂಟಿಯಾಗಿ ನಿಲ್ಲಿಸಿದರೆ ನಿಲ್ಲುತ್ತವೆ. ಮೇಲೆ ಸಕ್ಕರೆಯ ಗಾಜು ಇಟ್ಟ ಕೂಡಲೇ ಕಾಲು ಅಗಲಿಸಿ ಕೂತುಬಿಡುತ್ತವೆ. ದಪ್ಪ ಮಾಡಿದೆ, ಇನ್ನೂ ಬೇಗ ಕೂತವು. ಮುರಿದದ್ದನ್ನೆಲ್ಲ ನಿನ್ನ ಉಪ್ಪ ಖರ್ಜೂರದ ಫ್ಯಾಕ್ಟರಿಗೆ ಒಯ್ಯುತ್ತಾರೆ. ಅವರ ಜೊತೆಯ ಡ್ರೈವರುಗಳು ಈಗ ಬೆಳಿಗ್ಗೆ ಸಲಾಂ ಹೇಳುವ ಮೊದಲು "ಇವತ್ತು ಸ್ಟೇಷನ್ ಬಿತ್ತಾ?" ಎಂದು ಕೇಳುತ್ತಾರಂತೆ. ಉಪ್ಪ ಅಂತೂ, "ಎಂತ ಮಾರಾಯ್ತಿ, ಇನ್ನು ಸ್ವಲ್ಪ ದಿನ ಬೀಳಲಿ, ಬಿಸ್ಕೂಟು ಲಾಯಿಕ್ ಉಂಟು" ಎನ್ನುತ್ತಾರೆ.

ನಿನ್ನೆ ಶೈಮಾ ಬಂದಿದ್ದಳು. ಕೆಲಸದ ಬೂಟು, ತಲೆಗೆ ಸ್ಕಾರ್ಫ್, ಕೈಯಲ್ಲಿ ಹೆಲ್ಮೆಟ್. ಒಂದು ಕಮಾನನ್ನು ಹಿಡಿದು ನೋಡಿದಳು.

"ಖಾಲಾ, ನನಗೆ ಸುಳ್ಳು ಹೇಳಬೇಡಿ. ಆಗುತ್ತದಾ?"

"ಆಗುತ್ತದೆ. ಆಂಟ್‌ವರ್ಪ್‌ನಲ್ಲಿ ನನಗೊಬ್ಬ ಎಂಜಿನಿಯರ್ ಇದ್ದಾಳೆ" ಎಂದೆ.

"ಯಾರು?"

"ಗೊತ್ತಿರುವವಳು" ಎಂದು ಹೇಳಿ ಓವನ್ನಿನ ಕಡೆ ತಿರುಗಿದೆ.

ಕಮಾನು ಯಾಕೆ ಬೀಳುತ್ತದೆ? ಬೇಗ ಬರೆ.

ಸಫಿಯಾ

(ಒಂಟೆಯನ್ನು ಬಾದಾಮಿ ಹಿಟ್ಟಿನಲ್ಲಿ ಮಾಡಿದ್ದೇನೆ. ನಿನ್ನ ಚಿತ್ರಕ್ಕಿಂತ ಚೆನ್ನಾಗಿದೆ.)

~

ಆಂಟ್‌ವರ್ಪ್
4 ಆಗಸ್ಟ್ 2025

ಉಮ್ಮಾ,

ನಾನು ಎಂಜಿನಿಯರ್ ಅಲ್ಲ, ಆದರೂ ಆ ಸಾಲನ್ನು ಎಷ್ಟು ಸಲ ಓದಿದೆನೋ!

ನಿನ್ನ ಕಮಾನು ಮೇಲಿನಿಂದ ಮುರಿಯುತ್ತಿಲ್ಲ, ಕೆಳಗಿನಿಂದ ಜಾರುತ್ತಿದೆ. ಭಾರ ಬಿದ್ದಾಗ ಕಮಾನಿನ ಎರಡು ಕಾಲುಗಳೂ ಹೊರಕ್ಕೆ ಒದೆಯುತ್ತವೆ. ದಪ್ಪ ಮಾಡಿದರೆ ಭಾರ ಹೆಚ್ಚಿ ಇನ್ನಷ್ಟು ಒದೆಯುತ್ತವೆ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ ಕಟ್ಟಿದವರಿಗೂ ಇದೇ ತಲೆನೋವಿತ್ತು. ನಡುವೆ ಒಂದು ಕಂಬವೂ ಇಲ್ಲದೆ ರೈಲುಗಳು ನಿಲ್ಲುವ ಇಡೀ ರೈಲು ಮನೆಗೆ ಒಂದೇ ಚಪ್ಪರ ಹಾಕಬೇಕಿತ್ತು. ಅವರು ಏನು ಮಾಡಿದರು ಗೊತ್ತಾ? ಕಮಾನಿನ ಎರಡು ಕಾಲುಗಳನ್ನೂ ಪ್ಲಾಟ್‌ಫಾರ್ಮಿನ ಅಡಿಯಿಂದಲೇ ಒಂದಕ್ಕೊಂದು ಕಬ್ಬಿಣದಿಂದ ಬಿಗಿದುಬಿಟ್ಟರು. ಮೇಲೆ ನಿಂತವರಿಗೆ ಚಪ್ಪರ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ, ಹಿಡಿದುಕೊಂಡಿರುವುದು ಕಾಲಡಿಯಲ್ಲಿ. ನೀನೂ ಕೇಕಿನ ಹಲಗೆಯ ಮೇಲೆ ಎರಡು ಕಾಲುಗಳನ್ನು ಸೇರಿಸುವ ಪಟ್ಟಿ ಇಡು. ಅದರ ಮೇಲೆ ಪ್ಲಾಟ್‌ಫಾರ್ಮು ಮುಚ್ಚು. ಕಮಾನನ್ನು ತೆಳ್ಳಗೆ ಮಾಡು.

ಇನ್ನು ನೀನು ಕೇಳದ ಕೆಲವು ಸಂಗತಿ. ಕಳೆದ ಚಳಿಗಾಲದ ರಜೆಯಲ್ಲಿ ಅಗ್ಗದ ಟಿಕೆಟ್ ಹಿಡಿದು ಸ್ಟೇಷನ್ನುಗಳನ್ನು ನೋಡಲೆಂದೇ ಸುತ್ತಿದೆ. ಸಹಪಾಠಿಗಳು ಊರು ನೋಡಲು ಇಳಿಯುತ್ತಿದ್ದರು, ನಾನು ಸ್ಟೇಷನ್ನಿನಲ್ಲೇ ಉಳಿಯುತ್ತಿದ್ದೆ. ಪೋರ್ಚುಗಲ್‌ನ ಪೋರ್ಟೋ ಸ್ಟೇಷನ್ನಿನ ಗೋಡೆಗಳ ತುಂಬ ನೀಲಿ ಹೆಂಚುಗಳು. ಯುದ್ಧ, ರಾಜರು, ಕೊಯ್ಲು, ಜಾತ್ರೆ ಎಲ್ಲ ನೀಲಿಯಲ್ಲೇ. ನಿನ್ನ ಅತ್ಯಂತ ಸಣ್ಣ ಮೂತಿಯ ಕ್ರೀಮ್ ಚೀಲದಿಂದ ಬಿಡಿಸಿದ ಹಾಗಿತ್ತು. ಹೆಲ್ಸಿಂಕಿಯಲ್ಲಿ ಬಾಗಿಲಿನ ಎರಡೂ ಕಡೆ ಕಲ್ಲಿನ ದೈತ್ಯರು ಕೈಯಲ್ಲಿ ಉರುಟು ದೀಪ ಹಿಡಿದು ನಿಂತಿದ್ದಾರೆ. ಮುಖದಲ್ಲಿ ನಮ್ಮ ಉಪ್ಪ ವ್ಯಾನ್ ಓಡಿಸುವಾಗಿನ ಗಾಂಭೀರ್ಯ. ಮ್ಯಾಡ್ರಿಡ್‌ನದ್ದು ಕೇಳಿದರೆ ನೀನು ನಂಬುವುದಿಲ್ಲ: ಹಳೆಯ ಸ್ಟೇಷನ್ನಿನ ಚಪ್ಪರದ ಅಡಿಯಲ್ಲಿ ಈಗ ರೈಲೇ ಬರುವುದಿಲ್ಲ. ಅಲ್ಲಿ ತೋಟ! ಕಬ್ಬಿಣದ ಮಾಡಿನ ಕೆಳಗೆ ತಾಳೆಯ ಜಾತಿಯ ಮರಗಳು. ಅದರಡಿಯ ಬೆಂಚಿನಲ್ಲಿ ಕೂತು ಹುಫೂಫ್‌ನ ತೋಟಗಳನ್ನು ನೆನೆದೆ. ನಿನಗೆ ಪತ್ರ ಬರೆಯಬೇಕೆಂದು ಕಾಗದವನ್ನೂ ತೆಗೆದಿದ್ದೆ. ಬರೆಯಲಿಲ್ಲ.

ನಿನ್ನ
ಇಫ್ರಾ

~

ಹುಫೂಫ್
26 ಆಗಸ್ಟ್ 2025

ಇಫ್ರಾ,

ನಿಂತಿತು! ನಿಂತಿತು ಮಾರಾಯ್ತಿ! ನೀನು ಹೇಳಿದ ಹಾಗೆ ಹಲಗೆಯ ಮೇಲೆ ಪಟ್ಟಿ ಕೊಟ್ಟು ಕಾಲು ಬಿಗಿದೆ. ಕಮಾನನ್ನು ಎಷ್ಟು ತೆಳ್ಳಗೆ ಮಾಡಿದೆನೆಂದರೆ ಮರ್ಯಮ್ ಬಿಸ್ಮಿಲ್ಲಾ ಹೇಳಿ ಕಣ್ಣು ಮುಚ್ಚಿದರು. ಒಂದೊಂದೇ ಸಕ್ಕರೆ ಗಾಜು ಇಟ್ಟೆ. ಕಮಾನುಗಳು ಅಲ್ಲಾಡಲಿಲ್ಲ. ಕೊನೆಯದನ್ನು ಇಟ್ಟು ಕೈ ತೆಗೆದಾಗ ಬೇಕರಿಯ ಹುಡುಗಿಯರೆಲ್ಲ ಕಿರುಚಿದರು, ಒಬ್ಬಳು ಹೊರಗೆ ಓಡಿ ಪಕ್ಕದ ಅಂಗಡಿಯವರನ್ನೆಲ್ಲ ಕರೆತಂದಳು. ಆಮೇಲೆ ದೀಪದ ಕೆಳಗೆ ಇಟ್ಟು ನೋಡಿದೆವು. ಚಪ್ಪರದ ಬೆಳಕು ಪ್ಲಾಟ್‌ಫಾರ್ಮಿನ ಮೇಲೆ ಬಿತ್ತು. ನಿನ್ನ ಚಿತ್ರದಲ್ಲಿದ್ದ ಬೆಳಕೇ. ನಾನು ಎಷ್ಟೋ ಹೊತ್ತು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ.

ನಿನ್ನ ಉಪ್ಪನಿಗೆ ಮಾತ್ರ ಬೇಸರ. ಇನ್ನು ಬಿಸ್ಕೂಟಿಲ್ಲ.

ಕಳೆದ ವಾರ ನಾವಿಬ್ಬರೂ ಉಮ್ರಾ ಯಾತ್ರೆಗೆ ಹೋಗಿದ್ದೆವು. ಮಕ್ಕಾದಿಂದ ಮದೀನಾಕ್ಕೆ ಹೊಸ ವೇಗದ ರೈಲು. ಮರಳು ಕಿಟಕಿಯಲ್ಲಿ ಹರಿಯುತ್ತಿತ್ತು. ಮದೀನಾದಲ್ಲಿ ನಾನು ಉಪ್ಪನನ್ನು ಎಳೆದುಕೊಂಡು ಒಂದು ಕಡೆ ಹೋದೆ. ಹಿಂದೆ ಡಮಾಸ್ಕಸ್‌ನಿಂದ ರೈಲು ಬರುತ್ತಿತ್ತಲ್ಲ, ಆ ಹಳೆಯ ಹಿಜಾಝ್ ಸ್ಟೇಷನ್. ತುರ್ಕಿಯವರ ಕಾಲದ್ದು, ಅವರ ಜೊತೆ ಜರ್ಮನಿಯ ಎಂಜಿನಿಯರುಗಳೂ ಇದ್ದರಂತೆ. ಇಷ್ಟು ವರ್ಷ ಮದೀನಾಕ್ಕೆ ಹೋಗಿ ಬಂದರೂ ಅದರ ಮುಂದೆ ಟ್ಯಾಕ್ಸಿ ಹುಡುಕಿದ್ದೇನೆಯೇ ಹೊರತು ತಲೆಯೆತ್ತಿ ನೋಡಿದವಳಲ್ಲ. ಕಪ್ಪು ಕಲ್ಲು, ಸಾಲು ಕಮಾನು. ನಾನು ಒಂದೊಂದೇ ಕಮಾನಿನ ಕಾಲು ನೋಡುತ್ತಾ ಹೋದೆ.

"ಎಂತ ಹುಡುಕುವುದು? ಏನಾದ್ರೂ ಬಿದ್ದು ಹೋಯ್ತಾ?" ಎಂದು ಉಪ್ಪ ಕೇಳಿದರು.

"ಇಲ್ಲ, ಇದು ಯಾಕೆ ಬಿದ್ದಿಲ್ಲ ಅಂತ ನೋಡುವುದು" ಎಂದೆ.

ಅವರು ನನ್ನನ್ನೇ ನೋಡಿದರು. "ನಿನ್ನ ಮಗಳ ಹಾಗೆಯೇ ಮಾತಾಡ್ತಿ" ಎಂದರು. ನಾನು ಮುಂದಿನ ಕಮಾನಿನ ಕಾಲಿನ ಕಡೆ ಬಗ್ಗಿದೆ. ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ, ಬಿಸಿಲು ನೆತ್ತಿ ಸುಡುತ್ತಿದ್ದರೂ.

ಮ್ಯಾಡ್ರಿಡ್‌ನ ಆ ಮರಗಳಲ್ಲಿ ಖರ್ಜೂರದ್ದೂ ಉಂಟಾ? ಕಾಯಿ ಬಿಡುತ್ತದಾ? ಬಿಟ್ಟರೆ ಕೀಳುವವರು ಯಾರು?

ಉಮ್ಮ

~

ಆಂಟ್‌ವರ್ಪ್
29 ಆಗಸ್ಟ್ 2025

ಉಮ್ಮಾ,

ಕಾಯಿ ಬಿಡುತ್ತದಾ ಎಂದು ನಾನು ನೋಡಲೇ ಇಲ್ಲ! ಇಡೀ ಯುರೋಪಿನಲ್ಲಿ ಆ ಪ್ರಶ್ನೆ ಕೇಳಲು ನೀನೇ ಬರಬೇಕು.

ಉಪ್ಪ ಕಳಿಸಿದ ಚಪ್ಪರದ ಫೋಟೋವನ್ನು ನನ್ನ ಪ್ರೊಫೆಸರಿಗೆ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿ, "ಯಾರ ಮಾದರಿ ಇದು, ಯಾವ ವಸ್ತು?" ಎಂದು ಕೇಳಿದರು. ಖರ್ಜೂರದ ಬಿಸ್ಕತ್ತು ಎಂದೆ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಉಮ್ಮಾ, ನಿನಗೆ!

ಕಮಾನಿನ ಬಣ್ಣ ಮಾತ್ರ ಸ್ವಲ್ಪ ಗುಲಾಬಿಗೆ ತಿರುಗಿದೆ. ಇನ್ನೂ ಕಡುವಾಗಬೇಕು, ದಾಳಿಂಬೆ ಸಿಪ್ಪೆಯ ಒಣಗಿದ ಕೆಂಪು. ಶೈಮಾ ಕೇಳಿಯೇ ಕೇಳುತ್ತಾಳೆ.

ನೀನು ಪತ್ರದ ಕೊನೆಯಲ್ಲಿ ಉಮ್ಮ ಎಂದು ಸಹಿ ಮಾಡಿದ್ದನ್ನು ನೋಡಿದೆ. ಅದರ ಬಗ್ಗೆ ಏನೂ ಬರೆಯುವುದಿಲ್ಲ.

ಇಫ್ರಾ

~

ಹುಫೂಫ್
23 ಸೆಪ್ಟೆಂಬರ್ 2025

ಇಫ್ರಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದೆಯೋ ನೋಡಬೇಡ. ಗುರುವಾರ ಮದುವೆ. ಇವತ್ತು ಬೆಳಿಗ್ಗೆ ಬೇಕರಿ ತೆರೆದರೆ ಎ.ಸಿ. ಕೆಟ್ಟು ನಿಂತಿದೆ! ಒಳಗೆಲ್ಲ ಹಬೆ. ಗುಮ್ಮಟ ಬೆವರಿತ್ತು, ಅದನ್ನು ಒರೆಸಿ ಒಣಗಿಸಿ ಉಳಿಸಿದೆವು. ಚಪ್ಪರದ ಹಿಂದಿನ ತುದಿ ಮಾತ್ರ ಮೆತ್ತಗಾಗಿ ತಿರುಚಿಕೊಂಡಿದೆ. ಬಿದ್ದಿಲ್ಲ, ಕಾಲುಗಳು ಗಟ್ಟಿ. ಆದರೆ ಕೊನೆಯ ಕಮಾನುಗಳು ಒಂದು ಕಡೆಗೆ ವಾಲಿವೆ, ಗಾಜಿನ ಸಾಲು ಅಲೆಯ ಹಾಗಾಗಿದೆ. ಈಗ ಗಟ್ಟಿಯೂ ಆಗಿಬಿಟ್ಟಿದೆ. ಬಿಡಿಸಲು ಹೋದರೆ ಇಡೀ ಚಪ್ಪರ ಬರುತ್ತದೆ, ಹೊಸದು ಮಾಡಲು ಸಮಯವಿಲ್ಲ. ಮರ್ಯಮ್ ಅದರ ಮೇಲೆ ಸಕ್ಕರೆ ಹೂವು ಮುಚ್ಚೋಣ ಎನ್ನುತ್ತಿದ್ದಾರೆ. ಹೂವು ಬೇಡವೆಂದೇ ಆ ಹುಡುಗಿ ಮೊದಲ ದಿನ ಹೇಳಿದ್ದಳು. ಅವಳ ಮುಖ ಹೇಗೆ ನೋಡಲಿ? ನನಗೆ ಅಳು ಬರುತ್ತಿದೆ. ಏನು ಮಾಡಲಿ ಹೇಳು.

ಉಮ್ಮ

~

ಆಂಟ್‌ವರ್ಪ್
23 ಸೆಪ್ಟೆಂಬರ್ 2025, ಮಧ್ಯಾಹ್ನ

ಉಮ್ಮಾ, ಹೂವು ಮುಚ್ಚಬೇಡ! ಏನನ್ನೂ ಮುಟ್ಟಬೇಡ!

ಎರಡನೇ ಮಹಾಯುದ್ಧದಲ್ಲಿ ಈ ಸ್ಟೇಷನ್ನಿಗೆ ಬಾಂಬು ಬಿದ್ದಿತ್ತು. ಕಟ್ಟಡ ನಿಂತಿತು, ಆದರೆ ರೈಲು ಮನೆಯ ಚಪ್ಪರ ಬಾಗಿತು. ಆಮೇಲೆ ಎಷ್ಟೋ ದುರಸ್ತಿಯಾಯಿತು. ಆದರೂ ಆ ಬಾಗು ಈಗಲೂ ಪೂರ್ತಿ ಹೋಗಿಲ್ಲವೆಂದು ಹೇಳುತ್ತಾರೆ. ನಿನ್ನ ಪತ್ರ ಓದಿದ ಕೂಡಲೇ ಕ್ಲಾಸು ಬಿಟ್ಟು ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ ಕತ್ತು ನೋಯುವವರೆಗೆ ಮೇಲೆ ನೋಡಿದೆ. ಒಂದು ಕಡೆ ಗೆರೆ ನೇರವಿಲ್ಲ ಉಮ್ಮಾ. ನಾನು ಇಷ್ಟು ದಿನ ಬಿಡಿಸಿದ ಎಲ್ಲ ಚಿತ್ರಗಳಲ್ಲಿ ಅದನ್ನು ನೇರ ಮಾಡಿಬಿಟ್ಟಿದ್ದೆ!

ಹಾಗೆಯೇ ಬಿಡು. ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳು.

ನಿನ್ನ ಇಫ್ರಾ

~

ಹುಫೂಫ್
28 ಸೆಪ್ಟೆಂಬರ್ 2025

ನನ್ನ ಇಫ್ರಾ,

ಎರಡು ದಿನ ಮಲಗಿದೆ, ಈಗ ಕೂತು ಎಲ್ಲವನ್ನೂ ಬರೆಯುತ್ತೇನೆ.

ಕೇಕನ್ನು ಮದುವೆ ಹಾಲ್‌ಗೆ ಒಯ್ದದ್ದು ಉಪ್ಪನ ಫ್ಯಾಕ್ಟರಿಯ ಕೋಲ್ಡ್ ವ್ಯಾನಿನಲ್ಲಿ. ಗುಮ್ಮಟವನ್ನು ಯಾರಾದರೂ ಹಿಡಿದಿರಬೇಕಿತ್ತು, ಹಾಗಾಗಿ ನಾನೇ ಹಿಂದೆ ಹತ್ತಿದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಅಬಾಯದ ಮೇಲೆ ಉಪ್ಪನ ಸ್ವೆಟರ್ ಹಾಕಿಕೊಂಡು ನಡುಗುತ್ತಿರುವ ನಾನು! ಉಪ್ಪ ಆಮೆಯ ಹಾಗೆ ಓಡಿಸುತ್ತಿದ್ದರು. ಹಿಂದಿನ ಕಾರುಗಳು ಹಾರ್ನ್ ಹೊಡೆದದ್ದೇ ಹೊಡೆದದ್ದು. ರಸ್ತೆಯ ಪ್ರತಿ ಉಬ್ಬಿಗೂ ಉಪ್ಪ ಮುಂದಿನಿಂದ "ಹಿಡ್ಕೋ!" ಎಂದು ಕೂಗುತ್ತಿದ್ದರು. ನಾನು ಗುಮ್ಮಟವನ್ನು ಹೆರಿಗೆಮನೆಯಿಂದ ತಂದ ಮಗುವಿನ ಹಾಗೆ ಹಿಡಿದುಕೊಂಡಿದ್ದೆ.

ದೊಡ್ಡ ಸರ್ಕಲ್ ಹತ್ತಿರ ವ್ಯಾನ್ ನಿಂತಿತು. ಹಿಂದಿನ ಬಾಗಿಲು ತೆರೆಯಿತು. ಪೊಲೀಸ್. ಇಷ್ಟು ಮೆಲ್ಲಗೆ ಹೋಗುವ ವ್ಯಾನಿನಲ್ಲಿ ಏನೋ ಉಂಟೆಂದು ಅವನಿಗೆ ಅನುಮಾನ. ಸ್ವೆಟರ್ ಹಾಕಿದ ಹೆಂಗಸು, ಅವಳ ತೋಳುಗಳ ನಡುವೆ ಒಂದು ಅರಮನೆ. ಬಾಯಿ ತೆರೆದು ನಿಂತ.

"ವಿಶ್ ಹಾದಾ? ಏನಿದು?"

"ಸ್ಟೇಷನ್."

"ಯಾವ ಸ್ಟೇಷನ್?"

"ಬೆಲ್ಜಿಯಂನದ್ದು. ಬಾಗಿಲು ಹಾಕಪ್ಪಾ, ಕರಗುತ್ತದೆ!" ಎಂದು ನಾನು ಪೊಲೀಸನ ಮೇಲೆ ಕಿರುಚಿದೆ. ಉಪ್ಪನ ಮುಖ ಬಿಳಿಚಿಹೋಯಿತು, ವಾಸದ ಪರವಾನಗಿ ಇಕಾಮಾವನ್ನು ಪೊಲೀಸನ ಮುಂದೆ ಚಾಚಿ ನಿಂತರು. ಹಿಂದೆ ಕೂರಬಾರದು, ತಪ್ಪು ಎಂದು ಅವನು ಗದರಿದ. ಮತ್ತೆ ಬಗ್ಗಿ ನೋಡಿದ. "ಇದು ಒಂಟೆಯಾ?" ಎಂದು ನಕ್ಕುಬಿಟ್ಟ. ಆಮೇಲೆ ಏನು ಮಾಡಿದ ಗೊತ್ತಾ? ಸರ್ಕಲ್ಲಿನ ನಡುವೆ ನಿಂತು ಎಲ್ಲ ಗಾಡಿಗಳನ್ನೂ ತಡೆದು, "ಯಲ್ಲಾ, ಯಲ್ಲಾ! ರೈಲು ಹೋಗಲಿ!" ಎಂದು ಕೈಬೀಸಿದ!

ಹಾಲ್ ತಲುಪಿದೆವು. ಒಂದು ಗಾಜೂ ಒಡೆದಿರಲಿಲ್ಲ.

ಶೈಮಾ ಬಿಳಿ ಉಡುಪಿನಲ್ಲಿ ಬಂದಳು. ಹಾಡು ನಿಂತಿತು. ಕೇಕಿನ ಸುತ್ತ ಮೆಲ್ಲಗೆ ನಡೆದಳು. ಮೆಟ್ಟಿಲು ನೋಡಿದಳು, ಗಡಿಯಾರ ನೋಡಿದಳು, ಚಪ್ಪರದ ಒಳಗೆ ಬಗ್ಗಿದಳು. ಹಿಂದಿನ ತುದಿಗೆ ಬಂದು ನಿಂತಳು.

"ಖಾಲಾ, ಇಲ್ಲಿ ಬಾಗಿದೆ."

"ಬಾಂಬು ಬಿದ್ದದ್ದು" ಎಂದು ಹೇಗೋ ಹೇಳಿದೆ. ಕೂಡಲೇ, "ಸುಳ್ಳಲ್ಲ, ಆದರೆ ನಮ್ಮ ಎ.ಸಿ.ಯೂ ಕೆಟ್ಟಿತ್ತು" ಎಂದು ನಿಜವನ್ನೂ ಹೇಳಿಬಿಟ್ಟೆ.

ಅವಳು ನಗುತ್ತಾ ಅಳತೊಡಗಿದಳು. "ಎರಡು ವರ್ಷ ಅದೇ ಚಪ್ಪರದ ಕೆಳಗೆ ರೈಲು ಕಾದಿದ್ದೇನೆ, ನನಗೂ ಕಂಡಿರಲಿಲ್ಲ" ಎಂದು ನನ್ನನ್ನು ಅಪ್ಪಿಕೊಂಡಳು. ಅವಳ ಕಾಡಿಗೆಯೆಲ್ಲ ನನ್ನ ಭುಜಕ್ಕೆ.

ಆಮೇಲೆ ಯಾರಿಗೂ ಅದನ್ನು ಕತ್ತರಿಸಲು ಮನಸ್ಸಿಲ್ಲ. ಮದುಮಗಳು ಚಾಕು ಹಿಡಿದು ನಿಂತೇ ಇದ್ದಳು. ಕೊನೆಗೆ ಅವಳ ಅಜ್ಜಿ ಕೋಲೂರಿಕೊಂಡು ಬಂದು, "ತಿನ್ನಲಿಕ್ಕೆ ಮಾಡಿದ್ದಲ್ಲವಾ?" ಎಂದು ಚಮಚದ ಹಿಂಬದಿಯಿಂದ ಗುಮ್ಮಟಕ್ಕೆ ಒಂದು ಕೊಟ್ಟಳು! ಗುಮ್ಮಟ ಒಡೆಯಿತು, ಇಡೀ ಹಾಲ್ ಕೇಕೆ ಹಾಕಿತು. ಮಕ್ಕಳು ಗೋಪುರಗಳಿಗೆ ಮುಗಿಬಿದ್ದರು. ಒಂಟೆಯನ್ನು ಅಜ್ಜಿ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಒಡೆಯುವುದನ್ನು ನೋಡಿ ಅಳುತ್ತೇನೆ ಎಂದುಕೊಂಡಿದ್ದೆ. ಹೊಟ್ಟೆ ಹಿಡಿದು ನಕ್ಕೆ.

ಅಲ್ಲಿಗೆ ಮೇಕಪ್ಪಿಗೆಂದು ಬಂದವಳು ನಮ್ಮ ಶಮೀರಾ. ಮಂಗಳೂರಿನ ಹೆಂಗಸರ ಕೂಟದ ಶಮೀರಾ, ನಿನಗೆ ಗೊತ್ತಲ್ಲ. ಹತ್ತಿರ ಬಂದು ಮೆಲ್ಲಗೆ, "ಪಾಪ ಸಫಿಯಕ್ಕ, ಇಷ್ಟು ಚಂದ ಮಾಡ್ತೀರಿ. ಸ್ವಂತ ಮಗಳ ಮದುವೆಗೆ ಕೇಕ್ ಮಾಡುವ ಭಾಗ್ಯ ಇಲ್ಲದೆ ಹೋಯ್ತಲ್ಲ" ಎಂದಳು. ಒಂದು ವರ್ಷದಿಂದ ಈ ಮಾತು ಯಾರಾದರೂ ಹೇಳುತ್ತಾರೆಂದು ಹೆದರಿಯೇ ನಾನು ಆ ಕೂಟಕ್ಕೆ ಹೋಗುವುದನ್ನು ಬಿಟ್ಟಿದ್ದೆ. ಆದರೆ ಮೊನ್ನೆ ನನಗೆ ಹೆದರಿಕೆಯೇ ಆಗಲಿಲ್ಲ.

"ಇದು ನನ್ನ ಮಗಳ ಕೇಕೇ. ಆ ಚಪ್ಪರ ನಿಲ್ಲಿಸಿದವಳು ಅವಳು" ಎಂದೆ. ಅವಳಿಗೆ ಒಂದು ತುಂಡು ಕಮಾನನ್ನೂ ಕೊಟ್ಟೆ.

ಇಫ್ರಾ, ಒಂದೇ ಒಂದು ಸಲ ಹೇಳಿ ಬಿಡುತ್ತೇನೆ. ಹಿಶಾಮ್ ಬೇಡ ಎಂದು ನೀನು ಹೇಳಿದ್ದಕ್ಕೆ ನನಗೆ ಸಿಟ್ಟು ಬಂದದ್ದು ಹೌದು, ಅದು ಒಂದು ತಿಂಗಳಲ್ಲಿ ಇಳಿಯಿತು. ಆದರೆ ನೀನು ಅದನ್ನು ಉಪ್ಪನಿಗೆ ಹೇಳಿದೆ. ನನಗೆ ಹೇಳಲಿಲ್ಲ. ಅಡಿಗೆಮನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುತ್ತಿದ್ದವಳು ನೀನು. ಅದು ಮಾತ್ರ ಇಳಿಯಲಿಲ್ಲ.

ನಿನ್ನ
ಉಮ್ಮ

~

ಆಂಟ್‌ವರ್ಪ್
4 ಅಕ್ಟೋಬರ್ 2025

ಉಮ್ಮಾ,

ಈ ಪತ್ರವನ್ನು ಎಷ್ಟೋ ಸಲ ಹರಿದು ಬರೆದಿದ್ದೇನೆ.

ಮದುವೆಯಾದರೆ ಬೆಲ್ಜಿಯಂನ ಸೀಟು ಬಿಡಬೇಕೆಂದು ಹಿಶಾಮ್ ಹೇಳಿದ. ಕೆಟ್ಟವನೇನಲ್ಲ, ಅವನಿಗೆ ಬೇಕಾದ ಬದುಕೇ ಬೇರೆ. ಆ ದಿನ ಈರುಳ್ಳಿ ಹೆಚ್ಚುತ್ತಾ ನಿನ್ನ ಮುಖ ನೋಡಿದೆ. ನೀನು ನನ್ನ ಮದುವೆಯ ಕೇಕಿನ ಬಗ್ಗೆಯೇ ಮಾತಾಡುತ್ತಿದ್ದೆ. ಎಷ್ಟು ಅಂತಸ್ತು, ಯಾವ ಹೂವು. ಅಷ್ಟು ಖುಷಿಯಾಗಿ ನಿನ್ನನ್ನು ನಾನು ನೋಡಿಯೇ ಇರಲಿಲ್ಲ. ನಿನಗೆ ಹೇಳಲು ಬಾಯಿ ತೆರೆದಿದ್ದರೆ ನಾನು ಖಂಡಿತ ಹೋಗುತ್ತಿರಲಿಲ್ಲ. ನಿನ್ನ ಕಣ್ಣಲ್ಲಿ ನೀರು ಬಂದ ಕೂಡಲೇ ಮದುವೆಗೆ ಹೂಂ ಎಂದುಬಿಡುತ್ತಿದ್ದೆ. ಉಪ್ಪನ ಮುಂದೆ ನನಗೆ ಗಟ್ಟಿಯಾಗಿ ನಿಲ್ಲಲು ಆಗುತ್ತದೆ. ನಿನ್ನ ಮುಂದೆ ಆಗುವುದಿಲ್ಲ. ಅದಕ್ಕೇ ಹೇಳಲಿಲ್ಲ. ಇಷ್ಟೇ ಉಮ್ಮಾ.

ಒಂದು ಸುದ್ದಿ. ಇಲ್ಲಿಂದ ಸ್ವಲ್ಪ ದೂರದ ಹಳ್ಳಿಯೊಂದರಲ್ಲಿ ಪುಟ್ಟ ಸ್ಟೇಷನ್ ಉಂಟು. ಇಟ್ಟಿಗೆಯದ್ದು, ಒಂದೇ ಪ್ಲಾಟ್‌ಫಾರ್ಮು, ಕಬ್ಬಿಣದ ಲೇಸಿನಂಥ ಮಾಡು. ಅದರ ದುರಸ್ತಿ ತಂಡಕ್ಕೆ ನನ್ನನ್ನು ತೆಗೆದುಕೊಂಡಿದ್ದಾರೆ! ನವೆಂಬರಿನಲ್ಲಿ ಶುರು. ಸಂದರ್ಶನದಲ್ಲಿ ಅವರು ನನ್ನ ನಕ್ಷೆಗಳಿಗಿಂತ ಹೆಚ್ಚು ಹೊತ್ತು ನೋಡಿದ್ದು ನಿನ್ನ ಚಪ್ಪರದ ಫೋಟೋವನ್ನು.

ನಿನ್ನ
ಇಫ್ರಾ

~

ಹುಫೂಫ್
21 ನವೆಂಬರ್ 2025

ಪ್ರೀತಿಯ ಇಫ್ರಾ ಮಗಳೇ,

ಇದು ಉಪ್ಪ. ಇಷ್ಟು ದಿನ ನಿಮ್ಮಿಬ್ಬರ ಪತ್ರಗಳ ಫೋಟೋ ತೆಗೆದೆ, ಓದಿದೆ ಕೂಡ. ಓದಬೇಡ ಎಂದು ಯಾರೂ ಹೇಳಿರಲಿಲ್ಲ. ನಿನ್ನ ಆ ಅಕ್ಟೋಬರಿನ ಪತ್ರ ಬಂದ ದಿನ ನಿನ್ನ ಉಮ್ಮ ಅದನ್ನು ಹಿಡಿದು ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದವಳು ಕೇಳಿದ್ದು ಒಂದೇ ಮಾತು: "ಪಾಸ್‌ಪೋರ್ಟ್ ಎಲ್ಲುಂಟು?"

ಅವಳಿಂದ ನಿನಗೆ ಉತ್ತರ ಬಾರದೆ ಇದ್ದದ್ದು ಅದಕ್ಕೇ. ಅರ್ಜಿ ತುಂಬಿಸಿದವಳು ಶೈಮಾ. ಮರ್ಯಮ್ ರಜೆ ಕೊಟ್ಟು ತಮ್ಮ ದಪ್ಪ ಕೋಟನ್ನೂ ಕೊಟ್ಟರು. ನನಗೆ ರಜೆ ಸಿಗಲಿಲ್ಲ, ರಮದಾನಿಗೆ ಖರ್ಜೂರದ ಪ್ಯಾಕಿಂಗ್ ಶುರುವಾಗಿದೆ. ಒಬ್ಬಳೇ ಹೋಗ್ತೀಯಾ ಎಂದು ಕೇಳಿದರೆ, "ಕೋಲ್ಡ್ ವ್ಯಾನಿನಲ್ಲಿ ಕೂತವಳಿಗೆ ಬೆಲ್ಜಿಯಂ ಎಂತದ್ದು?" ಎಂದಳು. ನಿನ್ನೆ ಸಂಜೆ ದಮ್ಮಾಮ್‌ನಲ್ಲಿ ವಿಮಾನ ಹತ್ತಿಸಿ ಬಂದೆ. ಚೆಕ್‌ಇನ್ ಕೌಂಟರಿನಲ್ಲಿ ಹೆಂಗಸು "ಹೋಗುವ ಉದ್ದೇಶ?" ಎಂದದ್ದಕ್ಕೆ "ರೈಲ್ವೇ ಸ್ಟೇಷನ್" ಎಂದಳು. ಕೇಳಿದವರೆಲ್ಲ ತಿರುಗಿ ನೋಡಿದರು.

ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಬ್ರಸೆಲ್ಸ್‌ನಲ್ಲಿ ಇಳಿದು ತಾನೇ ಟಿಕೆಟ್ ತೆಗೆದು ರೈಲಿನಲ್ಲಿ ಬರುತ್ತಾಳಂತೆ. ಮೊದಲು ಒಬ್ಬಳೇ ನಿಂತು ಸ್ಟೇಷನ್ನನ್ನು ಕಣ್ಣು ತುಂಬ ನೋಡುತ್ತಾಳಂತೆ. ನೋಡಿ ಮುಗಿದ ಮೇಲೆ ನಿನಗೆ ಫೋನ್ ಮಾಡುವುದಂತೆ. ನಾನೂ ಸುಮ್ಮನಿರುತ್ತಿದ್ದೆ. ಆದರೆ ಮಗಳೇ, ಇವತ್ತು ಬೆಳಿಗ್ಗೆ ಚಹಾ ಕುಡಿಯಲು ಕೂತರೆ ಅವಳ ಫೋನ್ ಇಲ್ಲೇ ಮೇಜಿನ ಮೇಲೆ ಹೊಡೆದುಕೊಳ್ಳುತ್ತಿದೆ. ಶೈಮಾಳ ಕರೆ, ತಲುಪಿದಳಾ ಎಂದು ಕೇಳಲು. ನಿನಗೆ ಫೋನ್ ಮಾಡಿದರೆ ನೀನು ಎತ್ತಲಿಲ್ಲ, ಅದಕ್ಕೇ ಇದನ್ನು ಬರೆದು ಕಳಿಸುತ್ತಿದ್ದೇನೆ.

ವಿಮಾನ ಇಳಿದಾಗಿದೆ, ನಾನು ನೋಡಿದೆ. ಅವಳು ಈಗ ರೈಲಿನಲ್ಲಿರಬೇಕು. ಅದು ಯಾವ ಮಹಡಿಗೆ ಬರುತ್ತದೋ ನನಗೆ ತಿಳಿಯದು, ಮೂರನ್ನೂ ನೋಡು. ಕಪ್ಪು ಕೋಟು, ಕೈಯಲ್ಲಿ ಖಲಾಸ್ ಖರ್ಜೂರದ ಡಬ್ಬಿ. ತಲೆ ಮೇಲೆತ್ತಿ ಬಾಯಿ ತೆರೆದು ನಿಂತ ಹೆಂಗಸು ಯಾರೋ ಅವಳೇ ನಿನ್ನ ಉಮ್ಮ.

ಈಗ ಓದುವುದು ನಿಲ್ಲಿಸು. ಓಡು.

ಉಪ್ಪ
ಉಮ್ಮರಬ್ಬ